ನಿಮಿಷಕ್ಕೆ ಮೂವತ್ತು

ಗಿಟಾರಿನಲ್ಲಿ 'ಎ' ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯಬೇಕೆಂದರೆ ಕುತ್ತಿಗೆಯ ಲೋಹದ ಪಟ್ಟಿಗಳ ನಡುವಿನ ಎರಡನೆಯ ಮನೆಯ, ಅಂದರೆ ಎರಡನೆಯ ಫ್ರೆಟ್ಟಿನ ಇಕ್ಕಟ್ಟಿನಲ್ಲಿ ಮೂರು ಬೆರಳುಗಳನ್ನು ಸಾಲಾಗಿ ತೂರಿಸಬೇಕು. ತೆಳು ತಂತಿಯಿಂದ ಎಣಿಸಿದರೆ ನಾಲ್ಕು, ಮೂರು, ಎರಡನೆಯ ತಂತಿಗಳು ಒಟ್ಟಿಗೆ ಒತ್ತಿಕೊಳ್ಳಬೇಕು. ಅನೇಕ ಪುಸ್ತಕಗಳು ಇಲ್ಲಿ ತೋರುಬೆರಳು, ನಡುಬೆರಳು, ಉಂಗುರಬೆರಳು ಎಂದು ಕೈಯಲ್ಲಿರುವ ಕ್ರಮದಲ್ಲೇ ಇಡಿಸುತ್ತವೆ. ಜಸ್ಟಿನ್ ಸ್ಯಾಂಡರ್ಕೋ ಎಂಬ ಮೇಷ್ಟ್ರು ಮಾತ್ರ ಆರಂಭದಲ್ಲೇ ಈ ಕ್ರಮ ತಪ್ಪಿಸುತ್ತಾರೆ. ನಡುಬೆರಳು ನಾಲ್ಕನೆಯ ತಂತಿಗೆ, ತೋರುಬೆರಳು ಮೂರನೆಯದಕ್ಕೆ, ಉಂಗುರಬೆರಳು ಎರಡನೆಯದಕ್ಕೆ. ನೋಡಿದವರಿಗೆ ಬೆರಳುಗಳು ಒಂದಕ್ಕೊಂದು ತೊಡರಿಕೊಂಡಂತೆ ಕಾಣುತ್ತದೆ.

ಇದರ ಮರ್ಮ ತಿಳಿಯುವುದು 'ಡಿ' ಕಾರ್ಡಿಗೆ ಹೋದಾಗ. ಅಲ್ಲಿಯೂ ತೋರುಬೆರಳಿನ ಜಾಗ ಅದೇ: ಮೂರನೆಯ ತಂತಿ, ಎರಡನೆಯ ಫ್ರೆಟ್. ಅಂದರೆ 'ಡಿ'ಯಿಂದ 'ಎ'ಗೆ ಬರುವಾಗ ತೋರುಬೆರಳನ್ನು ಎತ್ತಲೇಬೇಕಿಲ್ಲ. ಉಳಿದೆರಡು ಬೆರಳುಗಳು ಅದನ್ನು ಆಧಾರ ಮಾಡಿಕೊಂಡು ಜಾಗ ಬದಲಿಸುತ್ತವೆ. 'ಎ'ಯಿಂದ 'ಇ'ಗೆ ಹೋಗಬೇಕಾದರೂ ಅಷ್ಟೇ. ಅದೇ ಬೆರಳು ಅದೇ ತಂತಿಯ ಮೇಲೆ ಒಂದು ಫ್ರೆಟ್ ಹಿಂದಕ್ಕೆ ಜಾರಿದರೆ ಸಾಕು. ಮೂರು ಕಾರ್ಡುಗಳ ನಡುವೆ ಒಂದು ಬೆರಳು ತಂತಿ ಬಿಡುವುದೇ ಇಲ್ಲ. ಈ ಮೂರೇ ಕಾರ್ಡುಗಳಲ್ಲಿ ನುಡಿಸಬಹುದಾದ ಹಾಡುಗಳು ಲೆಕ್ಕವಿಲ್ಲದಷ್ಟಿವೆ.

ಚಿಕ್ಕ ಮಕ್ಕಳ ಬೆರಳು ಹೇಗೆ ಇಟ್ಟರೂ ಬಗ್ಗುತ್ತದೆ. ನಲವತ್ತು, ಐವತ್ತು ದಾಟಿದ ಮೇಲೆ ಗಿಟಾರ್ ಹಿಡಿದವರಿಗೆ ಇಂಥ ಒಂದು ಉಪಾಯವೇ ಮುಂದುವರಿಯುವುದಕ್ಕೂ ಬಿಟ್ಟುಬಿಡುವುದಕ್ಕೂ ನಡುವಿನ ಅಂತರ. ಇದನ್ನು ನನಗೆ ತೋರಿಸಿದ್ದು ನಮ್ಮ ಬೀದಿಯ 'ಬ್ಯಾಂಕ್ ಆಂಟಿ'. ಅವರ ಕಥೆ ಆಮೇಲೆ. ಮೊದಲು ಮೇಷ್ಟ್ರ ಪರಿಚಯ.

ಟ್ಯಾಸ್ಮೇನಿಯಾದಿಂದ ತೆರೆಯವರೆಗೆ

ಸ್ಯಾಂಡರ್ಕೋ ಹುಟ್ಟಿದ್ದು ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದಲ್ಲಿ. ಗಿಟಾರ್ ಕಲಿಯಲು ಲಂಡನ್ನಿಗೆ ಬಂದವರು ಅಲ್ಲಿಯೇ ಕಲಿಸುವವರಾದರು. ಗಾಯಕಿ ಕೇಟಿ ಮೆಲುವಾ ಅವರ ತಂಡದಲ್ಲಿ ನುಡಿಸಿದರು. 2003ರಲ್ಲಿ 'ಜಸ್ಟಿನ್‌ಗಿಟಾರ್' ಎಂಬ ಜಾಲತಾಣ ತೆರೆದರು. 2006ರಲ್ಲಿ ಅವರ ಪಾಠಗಳು ಯೂಟ್ಯೂಬಿಗೆ ಬಂದವು. ಅದೇ ವರ್ಷದ ಕೊನೆಯಲ್ಲಿ ನಮ್ಮಲ್ಲಿ 'ಮುಂಗಾರು ಮಳೆ' ತೆರೆಕಂಡಿತು. ಮನೋಮೂರ್ತಿಯವರ ಹಾಡು ಕೇಳಿ ಗಿಟಾರ್ ಕೊಂಡು, ಮೂಲೆಯಲ್ಲಿ ಒರಗಿಸಿಟ್ಟ ಹುಡುಗರು ಈಗ ನಲವತ್ತರ ಹತ್ತಿರ ಬಂದಿದ್ದಾರೆ. ಆ ಗಿಟಾರಿನ ಧೂಳು ಕೊಡವಲು ಸ್ಯಾಂಡರ್ಕೋ ಅವರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ಅವರ ಮುಖ್ಯ ಪಾಠಕ್ರಮಕ್ಕೆ ಶುಲ್ಕವಿಲ್ಲ. ಕೊಡಬಲ್ಲವರು ದೇಣಿಗೆ ಕೊಡುತ್ತಾರೆ. ಪುಸ್ತಕ, ಆ್ಯಪ್ ಬೇಕಾದವರು ಹಣ ಕೊಟ್ಟು ಪಡೆಯುತ್ತಾರೆ. ಯೂಟ್ಯೂಬ್ ಚಂದಾದಾರರ ಸಂಖ್ಯೆ ಹತ್ತು ಲಕ್ಷ ದಾಟಿ ಎಷ್ಟೋ ಕಾಲವಾಯಿತು.

ಗಿಟಾರನ್ನು ಹೀಗೆ ದೂರದಿಂದ ಕಲಿಸುವುದು ಹೊಸದೇನಲ್ಲ. ಇಂಗ್ಲೆಂಡಿನ ಬರ್ಟ್ ವೀಡನ್ 1957ರಲ್ಲಿ 'ಪ್ಲೇ ಇನ್ ಎ ಡೇ' ಎಂಬ ತೆಳ್ಳನೆಯ ಪುಸ್ತಕ ತಂದರು. ಒಂದು ದಿನದಲ್ಲಿ ಯಾರೂ ಕಲಿಯಲಿಲ್ಲ. ಆದರೆ ಎರಿಕ್ ಕ್ಲಾಪ್ಟನ್, ಪಾಲ್ ಮೆಕಾರ್ಟ್ನಿ, ಬ್ರಯಾನ್ ಮೇ ಅದನ್ನು ಹಿಡಿದೇ ಮೊದಲ ಹೆಜ್ಜೆ ಇಟ್ಟರು. ಪುಸ್ತಕದಲ್ಲಿ ಬೆರಳಿನ ಚಿತ್ರವಿತ್ತು, ಚಲನೆ ಇರಲಿಲ್ಲ. ವಿಡಿಯೊ ಆ ಕೊರತೆಯನ್ನು ತುಂಬಿತು.

ಬ್ಯಾಂಕ್ ಆಂಟಿಯ ಲೆಕ್ಕದ ಪುಸ್ತಕ

ಬ್ಯಾಂಕ್ ಆಂಟಿ ನಿವೃತ್ತರಾದ ಮೇಲೆ ಗಿಟಾರ್ ಹಿಡಿದವರು. ಚಿಕ್ಕಂದಿನಲ್ಲಿ ಸರಳೆ ವರಸೆ, ಜಂಟಿ ವರಸೆ ಮುಗಿಸಿ ಗೀತೆಗೆ ಬರುವಷ್ಟರಲ್ಲಿ ಸಂಗೀತ ಪಾಠ ನಿಂತಿತ್ತಂತೆ. ಮೊಮ್ಮಗ ಬಿಟ್ಟುಹೋದ ಟ್ಯಾಬ್ಲೆಟ್ಟೇ ಅವರ ಪಾಠಶಾಲೆ. ಅದರ ಪಕ್ಕದಲ್ಲಿ ಬ್ಯಾಂಕಿನವರು ಕೊಟ್ಟ ಹಳೆಯ ಡೈರಿ. ಪುಟದ ತುಂಬ ಗೆರೆ ಎಳೆದು ಮಾಡಿದ ಕಾಲಮ್ಮುಗಳು: ಎ–ಡಿ, ಡಿ–ಇ, ಎ–ಇ. ಪ್ರತಿ ಕಾಲಮ್ಮಿನ ಕೆಳಗೂ ಅಂಕಿ.

ಇದು ಸ್ಯಾಂಡರ್ಕೋ ಅವರ 'ಒಂದು ನಿಮಿಷದ ಬದಲಾವಣೆ' ಎಂಬ ಅಭ್ಯಾಸ. ಫೋನಿನಲ್ಲಿ ಒಂದು ನಿಮಿಷದ ಟೈಮರ್ ಇಡಬೇಕು. ಎರಡೇ ಕಾರ್ಡು ಆರಿಸಿಕೊಳ್ಳಬೇಕು. ಒಂದನ್ನು ಹಿಡಿದು ಒಮ್ಮೆ ಮೀಟಿ, ಇನ್ನೊಂದಕ್ಕೆ ಹೋಗಿ ಒಮ್ಮೆ ಮೀಟಿ, ಮತ್ತೆ ಮೊದಲಿನದಕ್ಕೆ ಬರಬೇಕು. ಗಂಟೆ ಹೊಡೆಯುವವರೆಗೆ ಎಷ್ಟು ಸಲ ಬದಲಾಯಿತೆಂದು ಎಣಿಸಿ ಬರೆದಿಡಬೇಕು. ನಿಮಿಷಕ್ಕೆ 30 ಆದರೆ ಸರಳ ಹಾಡಿಗೆ ಕೈಹಾಕಬಹುದು. 60ಕ್ಕೆ ಮುಟ್ಟಿದರೆ ಆ ಜೋಡಿಯ ಚಿಂತೆ ಬಿಡಬಹುದು.

ಆ ಒಂದು ನಿಮಿಷದಲ್ಲಿ ನಾದ ಶುದ್ಧವಾಗಿಲ್ಲವೆಂದು ನಿಲ್ಲುವಂತಿಲ್ಲ. ಕೆಲವು ತಂತಿ ಗುಂಯ್‌ಗುಟ್ಟಲಿ, ಕೆಲವು ಮೂಕವಾಗಲಿ, ಕೈ ಮುಂದಕ್ಕೆ ಹೋಗುತ್ತಿರಬೇಕು. ನಾದ ತಿದ್ದಲು ಬೇರೆಯೇ ಅಭ್ಯಾಸವಿದೆ. ಕಾರ್ಡ್ ಹಿಡಿದು ಒಂದೊಂದೇ ತಂತಿಯನ್ನು ನಿಧಾನವಾಗಿ ಮೀಟುವುದು, ಯಾವುದು ನುಡಿಯುತ್ತಿಲ್ಲವೋ ಅದರ ಬೆರಳನ್ನು ಸರಿಪಡಿಸುವುದು, ಕೈ ತೆಗೆದು ಮತ್ತೆ ಮೊದಲಿನಿಂದ ಹಿಡಿಯುವುದು. ಶುದ್ಧಿ ಒಂದು ಹೊತ್ತು, ವೇಗ ಇನ್ನೊಂದು ಹೊತ್ತು. ಎರಡನ್ನೂ ಒಟ್ಟಿಗೆ ಸಾಧಿಸಲು ಹೋದವರು ಎರಡನ್ನೂ ಕಳೆದುಕೊಳ್ಳುತ್ತಾರೆ.

"ಬ್ಯಾಂಕಲ್ಲಿ ಲೆಕ್ಕ ತಾಳೆ ಆಗೋವರೆಗೂ ಮನೆಗೆ ಬಿಡ್ತಿರ್ಲಿಲ್ಲ ಕಣಪ್ಪ. ಇಲ್ಲಿ ತಾಳೆ ಆಗೋದೇ ಬೇಡ, ನಿನ್ನೆಗಿಂತ ಒಂದು ಜಾಸ್ತಿ ಬಿದ್ರೆ ಸಾಕು" ಎಂದರು ಆಂಟಿ.

"ಕಡಿಮೆ ಬಿದ್ರೆ ಆಂಟಿ?"

"ಬೀಳುತ್ತೆ. ಅದನ್ನೂ ಬರೀತೀನಿ, ಕೆಂಪು ಇಂಕಲ್ಲಿ."

ಡೈರಿಯಲ್ಲಿ ಕೆಂಪು ಅಂಕಿಗಳು ಕಡಿಮೆಯೇನಿರಲಿಲ್ಲ. ಆದರೆ ಮೊದಲ ಪುಟದ ಅತಿ ಒಳ್ಳೆಯ ಅಂಕಿ ಐದನೆಯ ಪುಟದ ಅತಿ ಕೆಟ್ಟ ಅಂಕಿಗಿಂತ ಚಿಕ್ಕದಾಗಿತ್ತು. ದೊಡ್ಡವರಾಗಿ ಕಲಿಯುವವರಿಗೆ ಈ ಲೆಕ್ಕ ಬೇಕಾಗುವುದಕ್ಕೆ ಕಾರಣವಿದೆ. ಕಿವಿ ಅರ್ಧ ಶತಮಾನ ಒಳ್ಳೆಯ ಸಂಗೀತ ಕೇಳಿ ಬಲಿತಿರುತ್ತದೆ, ಕೈ ಮಾತ್ರ ಇಂದು ಬೆಳಿಗ್ಗೆ ಹುಟ್ಟಿರುತ್ತದೆ. ಕಿವಿ ಹೇಳುವ ತೀರ್ಪು ಯಾವಾಗಲೂ 'ಕೆಟ್ಟದಾಗಿದೆ' ಎಂದೇ. ಬರೆದಿಟ್ಟ ಅಂಕಿಗೆ ಆ ಕ್ರೌರ್ಯವಿಲ್ಲ. ಎದುರಿಗೆ ಕೂತು 'ಪರವಾಗಿಲ್ಲ, ಹೋದ ವಾರಕ್ಕಿಂತ ಸುಧಾರಿಸಿದೆ' ಎನ್ನುವ ಗುರು ಇಲ್ಲದ ಕಡೆ ಆ ಮಾತನ್ನು ಡೈರಿ ಹೇಳುತ್ತದೆ.

ಶುರು ಮಾಡುವವರಿಗೆ

ಗಿಟಾರ್ ಕೊಳ್ಳುವಾಗ ಹೆಚ್ಚಿನವರು ಬಣ್ಣ, ಹೆಸರು ನೋಡುತ್ತಾರೆ. ನೋಡಬೇಕಾದ್ದು ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು. ಅಂಗಡಿಯವರು ಇದಕ್ಕೆ 'ಆ್ಯಕ್ಷನ್' ಎನ್ನುತ್ತಾರೆ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿ ಎರಡು, ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಒತ್ತಲು ಹಿತ. ಅಗ್ಗದ ಗಿಟಾರುಗಳಲ್ಲಿ ಅದು ಇದಕ್ಕಿಂತ ಬಹಳ ಮೇಲಿದ್ದು, ಕಲಿಯುವವರು ತಮ್ಮ ಬೆರಳಿಗೇ ಶಕ್ತಿಯಿಲ್ಲವೆಂದುಕೊಂಡು ಕೈಬಿಡುತ್ತಾರೆ. ರಿಪೇರಿ ಬಲ್ಲವರು ಸೇತುವೆಯ ಪಟ್ಟಿಯನ್ನು ಉಜ್ಜಿ, ಕುತ್ತಿಗೆಯೊಳಗಿನ ಕಬ್ಬಿಣದ ಸರಳನ್ನು ತಿರುಗಿಸಿ ಇದನ್ನು ಸರಿಮಾಡಿಕೊಡುತ್ತಾರೆ. ಗಿಟಾರಿಗೆ ಮೊದಲೇ ಹಾಕಿರುವ ತಂತಿ ಹೆಚ್ಚಾಗಿ 12ರ ಅಳತೆಯದು. ಅದನ್ನು ತೆಗೆಸಿ 10ರ ತೆಳು ತಂತಿ ಹಾಕಿಸಿಕೊಂಡರೆ ನೋವು ಅರ್ಧ ಇಳಿಯುತ್ತದೆ.

ಇನ್ನರ್ಧ ನೋವನ್ನು ಸಹಿಸಲೇಬೇಕು. ಕೆಲವು ವಾರಗಳಲ್ಲಿ ಬೆರಳ ತುದಿ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಭಾನುವಾರ ಮೂರು ಗಂಟೆ ಕೂತು ವಾರವಿಡೀ ಬಿಡುವುದಕ್ಕಿಂತ ದಿನವೂ ಇಷ್ಟಿಷ್ಟು ನುಡಿಸುವುದೇ ಮೇಲು. ಎಡಗೈ ಉಗುರು ಕತ್ತರಿಸಿರಬೇಕು. ಬೆರಳು ಫ್ರೆಟ್ಟಿನ ಲೋಹದ ಪಟ್ಟಿಗೆ ಒತ್ತಿಕೊಂಡಂತೆ, ಅದರ ಹಿಂದೆಯೇ ಇರಬೇಕು. ಪಟ್ಟಿಯಿಂದ ದೂರ ಹೋದಷ್ಟೂ ಹೆಚ್ಚು ಒತ್ತಬೇಕಾಗುತ್ತದೆ, ಗುಂಯ್‌ಗುಟ್ಟುವುದೂ ಹೆಚ್ಚುತ್ತದೆ.

ಪ್ರತಿ ಸಲ ಕೂರುವ ಮೊದಲು ಶ್ರುತಿ ಮಾಡಿ. ದಪ್ಪ ತಂತಿಯಿಂದ ತೆಳುವಿನ ಕಡೆಗೆ ಇ, ಎ, ಡಿ, ಜಿ, ಬಿ, ಇ. ಉಚಿತ ಟ್ಯೂನರ್ ಆ್ಯಪ್ ಸಾಕು. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ಒರಗಿಸಿಡಬಾರದು. ಬಾಗಿಲು ಉಬ್ಬಿಕೊಂಡು ಹೊಸ್ತಿಲಿಗೆ ತಗಲುವ ಹಾಗೆ ಗಿಟಾರಿನ ಮೇಲ್ಮೈಯೂ ತೇವಕ್ಕೆ ಉಬ್ಬಿ ತಂತಿಯನ್ನು ಮೇಲೆತ್ತುತ್ತದೆ. ಮುಚ್ಚಿದ ಕೇಸಿನಲ್ಲಿ ತೇವ ಹೀರುವ ಪೊಟ್ಟಣವಿಟ್ಟು ಇಡುವುದು ಒಳ್ಳೆಯದು.

ತೆರೆ ನೋಡಿ ಕಲಿಯುವುದರಲ್ಲಿ ಒಂದು ವಿಚಿತ್ರ ತೊಡಕಿದೆ. ಮೇಷ್ಟ್ರು ನಮ್ಮ ಎದುರಿಗೆ ಕೂತಿರುವುದರಿಂದ ಅವರ ಗಿಟಾರಿನ ಕುತ್ತಿಗೆ ನಮಗೆ ಬಲಕ್ಕೆ ಕಾಣುತ್ತದೆ, ನಮ್ಮದು ಎಡಕ್ಕಿರುತ್ತದೆ. ಅದನ್ನು ಕಣ್ಣಲ್ಲೇ ತಿರುಗಿಸಿಕೊಳ್ಳಲು ಒದ್ದಾಡುವ ಬದಲು ತಂತಿಯ ಸಂಖ್ಯೆ, ಫ್ರೆಟ್ಟಿನ ಸಂಖ್ಯೆ ಬರೆದುಕೊಂಡು ವಿಡಿಯೊ ನಿಲ್ಲಿಸಿಬಿಡಿ. ನುಡಿಸುವಾಗ ತೆರೆ ಆರಿರಲಿ.

ಬಲಗೈಯ ಸ್ಟ್ರಮ್ಮಿಂಗ್ ವಿಷಯದಲ್ಲಿ ತಾಳ ಹಾಕಿ ಬೆಳೆದವರಿಗೆ ಅನುಕೂಲವಿದೆ. ಕೈ ಎಂಟು ಎಣಿಕೆಗೆ ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂದು ಆಡುತ್ತಲೇ ಇರಬೇಕು. ಕೆಲವು ಎಣಿಕೆಯಲ್ಲಿ ತಂತಿಗೆ ತಾಗುತ್ತದೆ, ಕೆಲವು ಎಣಿಕೆಯಲ್ಲಿ ತಾಗದೆ ಗಾಳಿಯಲ್ಲಿ ಹೋಗುತ್ತದೆ. ಆದರೆ ನಿಲ್ಲುವುದಿಲ್ಲ. ಆದಿತಾಳ ಹಾಕುತ್ತಿದ್ದ ಆಂಟಿಗೆ ಇದು ಮೊದಲ ದಿನವೇ ದಕ್ಕಿತಂತೆ.

'ಎಫ್' ಕಾರ್ಡಿನ ಬಗ್ಗೆ ಒಂದು ಎಚ್ಚರಿಕೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಹಿಡಿಯುವ ಇದು ಬಹಳ ಮಂದಿ ಗಿಟಾರ್ ಬಿಡುವ ಜಾಗ. ಸ್ಯಾಂಡರ್ಕೋ ಅದನ್ನು ಮೊದಲ ಹಂತದಲ್ಲಿ ಕಲಿಸುವುದೇ ಇಲ್ಲ, ಎರಡನೆಯ ಹಂತಕ್ಕೆ ಮುಂದೂಡುತ್ತಾರೆ. ನೀವೂ ಮುಂದೂಡಿ.

ಉಳಿಯುವವರು ಯಾರು?

ಗಿಟಾರ್ ತಯಾರಿಸುವ ಫೆಂಡರ್ ಕಂಪನಿಯ ಮುಖ್ಯಸ್ಥರಾಗಿದ್ದ ಆ್ಯಂಡಿ ಮೂನಿ, ಹೊಸದಾಗಿ ಶುರುಮಾಡುವವರಲ್ಲಿ ನೂರಕ್ಕೆ 90 ಮಂದಿ ಮೊದಲ ವರ್ಷದಲ್ಲೇ ಬಿಡುತ್ತಾರೆಂದು ಹೇಳುತ್ತಿದ್ದರು. ಅದೇ ಕಂಪನಿ 2020ರ ಲಾಕ್‌ಡೌನ್‌ನಲ್ಲಿ ತನ್ನ ಆನ್‌ಲೈನ್ ಪಾಠಗಳನ್ನು ಮೂರು ತಿಂಗಳು ಉಚಿತವಾಗಿ ತೆರೆದಾಗ ಜನ ಮುಗಿಬಿದ್ದರು. ಆಗ ಅವರು ಹಿಡಿದ ಗಿಟಾರುಗಳಲ್ಲಿ ಎಷ್ಟು ಈಗ ಮಂಚದ ಕೆಳಗಿವೆಯೋ.

ಬಿಡುವವರು ಸೋಮಾರಿಗಳಲ್ಲ. ಒಂದು ಪಾಠ ನೋಡುವಷ್ಟರಲ್ಲಿ ಯೂಟ್ಯೂಬ್ ಪಕ್ಕದಲ್ಲಿ ಇನ್ನೆಂಟು ತೋರಿಸುತ್ತದೆ. ಇವತ್ತು ಒಬ್ಬರ ಹತ್ತಿರ ಕಾರ್ಡು, ನಾಳೆ ಇನ್ನೊಬ್ಬರ ಹತ್ತಿರ ಸೋಲೊ, ನಾಡಿದ್ದು ಯಾವುದೋ ಸಿನಿಮಾ ಹಾಡು ಎಂದು ಅಲೆದವರ ಕೈ ಎಲ್ಲಿಯೂ ನಿಲ್ಲುವುದಿಲ್ಲ. ಒಬ್ಬ ಮೇಷ್ಟ್ರನ್ನು ಹಿಡಿದು ಅವರ ಮೊದಲ ಹಂತವಾದರೂ ಮುಗಿಯುವವರೆಗೆ ಬಿಡದಿರುವುದು, ದುಡ್ಡು ಕೊಡದ ಶಿಷ್ಯರು ಸಲ್ಲಿಸಬಹುದಾದ ಗುರುದಕ್ಷಿಣೆ.

ತಾವಾಗಿಯೇ ಕಲಿತು ದೊಡ್ಡವರಾದವರು ನಮ್ಮಲ್ಲೂ ಇದ್ದಾರೆ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತ ಭರತನಾಟ್ಯ ಮಾಡುತ್ತಿದ್ದ ರಘು ದೀಕ್ಷಿತ್, ಸಹಪಾಠಿಯೊಬ್ಬನ ಸವಾಲಿಗೆ ಗಿಟಾರ್ ಹಿಡಿದವರು. ಅವರಿಗೆ ಸವಾಲು ಹಾಕುವವನೊಬ್ಬನಿದ್ದ, ನುಡಿಸಿದಾಗ ಕೇಳಲು ಕಾಲೇಜಿತ್ತು. ಮಕ್ಕಳಿಗಾದರೆ ಟ್ರಿನಿಟಿ, ರಾಕ್‌ಸ್ಕೂಲ್ ಪರೀಕ್ಷೆಗಳಿವೆ, ಶಾಲಾ ವಾರ್ಷಿಕೋತ್ಸವದ ವೇದಿಕೆಯಿದೆ, ತಪ್ಪು ನುಡಿಸಿದರೂ ಚಪ್ಪಾಳೆ ತಟ್ಟುವ ಅಪ್ಪ ಅಮ್ಮ ಇದ್ದಾರೆ. ಐವತ್ತರ ಮೇಲೆ ಕಲಿಯುವವರು ಕೋಣೆಯ ಬಾಗಿಲು ಹಾಕಿಕೊಂಡು ನುಡಿಸುತ್ತಾರೆ. ಆನ್‌ಲೈನ್ ಪಾಠಕ್ಕೆ ತೋರಿಸುವ ಕಣ್ಣಿದೆ, ಕೇಳುವ ಕಿವಿಯಿಲ್ಲ.

ಸ್ಯಾಂಡರ್ಕೋ ಅವರದರಂಥ ಮೆಟ್ಟಿಲು ಮೆಟ್ಟಿಲಾದ ಪಾಠಕ್ರಮ ಕನ್ನಡದಲ್ಲಿ, ಕನ್ನಡದ ಭಾವಗೀತೆಗಳನ್ನೇ ಅಭ್ಯಾಸದ ಹಾಡುಗಳಾಗಿ ಇಟ್ಟುಕೊಂಡು ಬರಬೇಕು. ಅದಕ್ಕಿಂತ ಸುಲಭವಾದ, ಖರ್ಚೇ ಇಲ್ಲದ ಇನ್ನೊಂದು ಕೆಲಸವೂ ಇದೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ನಗೆಕೂಟಕ್ಕೆ ಜಾಗವಿದೆ, ಯೋಗಕ್ಕೆ ಜಾಗವಿದೆ, ಭಜನಾ ಮಂಡಳಿಗೆ ಶನಿವಾರ ಸಂಜೆ ಮೈಕೂ ಸಿಗುತ್ತದೆ. ತಪ್ಪುತಪ್ಪಾಗಿ ನುಡಿಸುವ ನಾಲ್ಕು ಜನ ಒಟ್ಟಿಗೆ ಕೂರಲು ಒಂದು ಬೆಂಚನ್ನು ಯಾರೂ ಗೊತ್ತುಮಾಡಿಲ್ಲ.

ಈ ಮಾತನ್ನು ಬ್ಯಾಂಕ್ ಆಂಟಿಗೆ ಹೇಳಿದೆ. "ಬೆಂಚು ಸಿಕ್ರೆ ಬರ್ತೀನಿ ಕಣಪ್ಪ" ಎಂದರು, "ಎಫ್ ಕೇಳಬಾರದು ಅಷ್ಟೆ."