ಕೊಟ್ಟಿಗೆಯ ಚಾವಣಿಗೆ ತಂಪು ಹೊದಿಕೆ: ಸಾರುವೆ ಕಟ್ಟುವ ಮತ್ತು ಬಿಚ್ಚುವ ಕ್ರಮ



ರಾಗಿಯ ಒಕ್ಕಣೆ ಮುಗಿದು ಬಿಸಿಲು ಏರತೊಡಗುವ ಹೊತ್ತಿಗೆ ಹುಲಿಕೆರೆ, ಹಳೇಬೀಡು ಸುತ್ತಿನ ಊರುಗಳಲ್ಲಿ ಕೈಗೆ ಸ್ವಲ್ಪ ಬಿಡುವು ಸಿಗುತ್ತದೆ. ದನದ ಕೊಟ್ಟಿಗೆಯ ಚಾವಣಿಯನ್ನು ಬೇಸಿಗೆಗೆ ಸಿದ್ಧ ಮಾಡಿಕೊಳ್ಳಲು ಇದೇ ತಕ್ಕ ಕಾಲ. ಹಿಂದೆ ಹುಲ್ಲು, ಹೆಂಚು ಇದ್ದ ಕಡೆಗಳಲ್ಲಿ ಈಗ ಸಿಮೆಂಟ್ ಶೀಟು, ತಗಡು ಬಂದಿವೆ. ಮಳೆಗೆ ಇವು ಒಳ್ಳೆಯವು, ಬಿಸಿಲಿಗೆ ಒಳ್ಳೆಯವಲ್ಲ. ಮಧ್ಯಾಹ್ನ ಅವುಗಳ ಕೆಳಗೆ ನಿಂತರೆ ನೆತ್ತಿ ಕಾಯುತ್ತದೆ. ಸೀಮೆಹಸು ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಶೀಟಿನ ಮೇಲೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ. ಹೆಣೆದ ತೆಂಗಿನ ಗರಿಯನ್ನು ಹೊದಿಸಿದರೆ ಶೀಟಿಗೇ ನೆರಳಾಗುತ್ತದೆ. ಇಲ್ಲವೇ ಒಳಗಡೆ ಶೀಟಿನಿಂದ ಒಂದು ಅಡಿ ಕೆಳಗೆ ಬಿದಿರಿನ ತಟ್ಟಿ ಕಟ್ಟಿ, ನಡುವೆ ಗಾಳಿಯಾಡುವಂತೆ ಬಿಡಬಹುದು. ನೆರೆಯ ತೆಲಂಗಾಣ ರಾಜ್ಯವು ಚಾವಣಿಗಳನ್ನು ತಂಪಾಗಿಡುವುದಕ್ಕೆಂದೇ 2023ರಲ್ಲಿ ಒಂದು ನೀತಿಯನ್ನು ಹೊರಡಿಸಿತು. ಪಟ್ಟಣದವರು ಈಗ ಕಲಿಯುತ್ತಿರುವುದನ್ನು ಸೋಗೆಯ ಮನೆಯಲ್ಲಿ ಬಾಳಿದ ನಮ್ಮ ಹಿರಿಯರು ಬಲ್ಲವರಾಗಿದ್ದರು.

ಹೊದಿಕೆಯ ಮಾತು ಇಷ್ಟು ಸಾಕು. ಅದನ್ನು ಹಾಕಲು ಮೇಲೆ ಹತ್ತುವ ಮತ್ತು ಇಳಿಯುವ ವಿಷಯ ಮುಖ್ಯವಾದದ್ದು. “ಕೊಟ್ಟಿಗೆ ಎಂದರೆ ಹತ್ತು ಅಡಿ, ತೆಂಗಿನ ಮರ ಹತ್ತುವವನಿಗೆ ಅದೇನು ಎತ್ತರ?” ಎಂದು ಅನೇಕರು ಕೇಳುತ್ತಾರೆ. ತೆಂಗಿನ ಮರ ಮನುಷ್ಯನ ಭಾರವನ್ನು ಹೊರುತ್ತದೆ, ಸಿಮೆಂಟ್ ಶೀಟು ಹೊರುವುದಿಲ್ಲ. ಬಿಸಿಲು ಮಳೆ ತಿಂದ ಹಳೆಯ ಶೀಟು ನೋಡಲು ಗಟ್ಟಿಯಾಗಿಯೇ ಇದ್ದು, ಕಾಲಿಟ್ಟ ಕ್ಷಣದಲ್ಲಿ ಸದ್ದು ಕೂಡ ಮಾಡದೆ ಮುರಿಯಬಹುದು. ಕೆಳಗಿರುವುದು ಕಲ್ಲಿನ ಗೊಂತು, ಗೂಟ. ಹತ್ತು ಅಡಿಯಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವನು ಮತ್ತೆ ನೇಗಿಲು ಹಿಡಿಯುವುದಿಲ್ಲ. ಆದುದರಿಂದ ಶೀಟನ್ನು ನೆಲವೆಂದು ಎಣಿಸಲೇಕೂಡದು. ಮೊಳೆ ಹೊಡೆದ ಸಾಲಿನ ಮೇಲೆ ಕಾಲಿಟ್ಟರೆ ಏನೂ ಆಗದು ಎಂಬುದೂ ಭ್ರಮೆಯೇ. ಒಂದು ಹೆಜ್ಜೆ ಜಾರಿದರೆ ಮುಗಿಯಿತು.

ನನ್ನನ್ನು ಕೇಳಿದರೆ, ಒಳಗಿನಿಂದ ತಟ್ಟಿ ಕಟ್ಟುವುದೇ ಎಲ್ಲಕ್ಕಿಂತ ಕ್ಷೇಮ. ಶೀಟಿನ ಮೇಲೆ ಯಾರೂ ಹೋಗಬೇಕಾಗಿಲ್ಲ, ನಾಲ್ಕೈದು ಅಡಿಯ ತಗ್ಗು ಸಾರುವೆ ಸಾಕು. ತಟ್ಟಿಯ ಮೇಲೆ ಒಣಹುಲ್ಲು ತುಂಬಬೇಡಿ. ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ, ಬಲ್ಬಿನ ತಂತಿ ಕಿಡಿ ಹಾರಿಸಿದರೆ ದನಕರುಗಳೊಡನೆ ಕೊಟ್ಟಿಗೆಯೇ ಹೋಗುತ್ತದೆ.

ಸುಣ್ಣ ಬಳಿಯುವುದಾದರೆ ಸೂರಿನ ಉದ್ದಕ್ಕೂ ಸಾರುವೆ ಕಟ್ಟಿಕೊಂಡು, ಉದ್ದನೆಯ ಕೋಲಿಗೆ ಕುಂಚ ಬಿಗಿದು ಅಲ್ಲಿಂದಲೇ ಬಳಿಯಿರಿ. ಕೈಗೆಟುಕದ ಭಾಗಕ್ಕೆ ಅಥವಾ ಗರಿ ಹೊದಿಸುವುದಕ್ಕೆ ಮೇಲೆ ಹೋಗಲೇಬೇಕಾದರೆ, ಅಡ್ಡಪಟ್ಟಿ ಹೊಡೆದ ಅಗಲವಾದ ಹಲಗೆಯನ್ನು ಕನಿಷ್ಠ ಮೂರು ತೊಲೆಗಳ ಮೇಲೆ ಭಾರ ಬೀಳುವಂತೆ ಹಾಸಿ, ಅದರ ತಲೆಯನ್ನು ಚಾವಣಿಯ ನೆತ್ತಿಗೆ ಕೊಕ್ಕೆ ಹಾಕಿ ಕಟ್ಟಿ, ಹಲಗೆಯ ಮೇಲೆ ಮಾತ್ರ ತೆವಳಬೇಕು. ಇಂಥ ಹಲಗೆ ಎರಡು ಇರಬೇಕು. ಒಂದೇ ಇದ್ದರೆ ಅದನ್ನು ಸರಿಸುವಾಗ ಶೀಟಿನ ಮೇಲೆ ನಿಲ್ಲಬೇಕಾಗುತ್ತದೆ. ಕಲ್ನಾರು ಬೆರೆತ ಹಳೆಯ ಶೀಟನ್ನು ಒಣಗಿದ್ದಾಗ ತಂತಿ ಬ್ರಷ್ಷಿನಿಂದ ಉಜ್ಜಬಾರದು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ಬಹುಕಾಲದ ಮೇಲೆ ಕೇಡು ಮಾಡುತ್ತದೆ.

ಇನ್ನು ಸಾರುವೆ. ಸರ್ವೆ, ನೀಲಗಿರಿ, ಬಿದಿರು, ಯಾವ ಗಳವಾದರೂ ಆದೀತು. ಆದರೆ ಗೆದ್ದಲು ತಿಂದದ್ದು, ಸೀಳು ಬಿಟ್ಟದ್ದು, ಸೊಟ್ಟಗಿರುವುದು ಬೇಡ. ಹಗ್ಗಕ್ಕೆ ನಮ್ಮಲ್ಲಿ ಬರವಿಲ್ಲ. ಅರಸೀಕೆರೆ ತೆಂಗಿನ ನಾಡು. ಹೊಸ ನಾರಿನ ಹಗ್ಗವನ್ನೇ ತನ್ನಿ. ಬಾವಿಯಲ್ಲಿ ಸವೆದ ಹಗ್ಗ, ಎತ್ತಿನ ಮೂಗುದಾರ ಸಾರುವೆಗೆ ಸಲ್ಲವು. ನಾರಿನ ಹಗ್ಗ ನೆನೆದಾಗ ಬಿಗಿಯುತ್ತದೆ, ಒಣಗಿದಾಗ ಸಡಿಲವಾಗುತ್ತದೆ; ಆದ್ದರಿಂದ ದಿನವೂ ಬೆಳಿಗ್ಗೆ ಹತ್ತುವ ಮುನ್ನ ಪ್ರತಿಯೊಂದು ಕಟ್ಟನ್ನೂ ಕೈಯಿಂದ ಎಳೆದು ನೋಡತಕ್ಕದ್ದು.

ಕೊಟ್ಟಿಗೆಯ ಸುತ್ತಿನ ನೆಲ ಗಂಜಳ ಕುಡಿದು ಮೆತ್ತಗಾಗಿರುತ್ತದೆ. ಮೇಲೆ ಗಟ್ಟಿ, ಒಳಗೆ ಕೆಸರು. ಅಂಥಲ್ಲಿ ಗಳವನ್ನು ಸುಮ್ಮನೆ ಊರಿದರೆ ಭಾರ ಬಿದ್ದಾಗ ಒಂದು ಕಾಲು ಇಳಿಯುತ್ತದೆ, ಇಡೀ ಸಾರುವೆ ವಾಲುತ್ತದೆ. ಗಟ್ಟಿ ನೆಲ ಸಿಗುವವರೆಗೆ, ಒಂದೂವರೆ ಎರಡು ಅಡಿ ಗುಂಡಿ ತೆಗೆದು, ತಳಕ್ಕೆ ಚಪ್ಪಡಿ ಕಲ್ಲು ಹಾಕಿ, ಗಳ ನಿಲ್ಲಿಸಿ ಮಣ್ಣು ದಿಮ್ಮಿಸಬೇಕು. ಹುಲಿಕೆರೆಯ ಹೊಯ್ಸಳರ ಕಾಲದ ಕಲ್ಯಾಣಿಯಲ್ಲಿ ಇಳಿದು ಹತ್ತಿದವರಿಗೆ ಅಡಿಗಲ್ಲಿನ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ನಿಲುಗಂಬಗಳ ನಡುವೆ ಆರು ಅಡಿಗಿಂತ ಹೆಚ್ಚು ಅಂತರ ಬೇಡ. ಅಡ್ಡಗಳಗಳನ್ನು ಕಟ್ಟಿದ ಮೇಲೆ ಓರೆಗಳವನ್ನು ಮರೆಯಬಾರದು. ನಮ್ಮವರು ಬಿಟ್ಟುಬಿಡುವುದು ಇದನ್ನೇ, ಏಕೆಂದರೆ ಅದು ಇಲ್ಲದೆಯೂ ಸಾರುವೆ ನಿಂತಂತೆ ಕಾಣುತ್ತದೆ. ಓರೆಗಳವಿಲ್ಲದ ಸಾರುವೆಯು ಗಾಳಿಗೆ ಅಥವಾ ಎಮ್ಮೆಯೊಂದು ಮೈ ಉಜ್ಜಿದರೆ ಪಕ್ಕಕ್ಕೆ ಮಡಿಚಿಕೊಳ್ಳುತ್ತದೆ. ಬಳಿಕ ಇಡೀ ಸಾರುವೆಯನ್ನು ಕೊಟ್ಟಿಗೆಯ ಕಲ್ಲುಕಂಬಕ್ಕೆ ಬಿಗಿಯಿರಿ. ಶೀಟಿಗೋ ನೀರಿನ ದೋಣಿಗೋ ಅಲ್ಲ. ಹಲಗೆ ಒಂದೂವರೆ ಅಂಗುಲ ದಪ್ಪವಿರಲಿ, ನಾಲ್ಕು ಅಡಿಗೊಂದು ಆಧಾರವಿರಲಿ. ಹಲಗೆಯ ತುದಿ ಆಧಾರದಾಚೆಗೆ ಅರ್ಧ ಅಡಿ ಚಾಚಿದರೆ ಸಾಕು. ಹೆಚ್ಚು ಚಾಚಿದ್ದರೆ ತುದಿ ಮೆಟ್ಟಿದವನು ಹಲಗೆಯೊಡನೆ ಕೆಳಗೆ ಬರುತ್ತಾನೆ. ನಿಂತವನ ಸೊಂಟದ ಎತ್ತರಕ್ಕೆ, ಎಂದರೆ ಮೂರು ಅಡಿಗೆ, ಹೊರಗಡೆ ಒಂದು ತಡೆಗಳವನ್ನೂ ಅದರ ಅರ್ಧಕ್ಕೆ ಇನ್ನೊಂದನ್ನೂ ಕಟ್ಟಬೇಕು. ಭಾರತೀಯ ಮಾನಕದಲ್ಲಿ ಐ.ಎಸ್. 3696 ಎಂಬ ಸಂಹಿತೆ ಇದಕ್ಕೆಂದೇ ಇದೆ. ಅದರ 1987ರ ಭಾಗ ಸಾರುವೆಯದು, 1991ರ ಭಾಗ ಏಣಿಯದು. ಪೇಟೆಯ ಸೆಂಟ್ರಿಂಗ್ ಅಂಗಡಿಯಿಂದ ಕಬ್ಬಿಣದ ಸಾರುವೆ ಬಾಡಿಗೆಗೆ ತಂದರೂ ಅಡಿಗಲ್ಲು, ಓರೆ, ಬಿಗಿತ ಈ ಮೂರೂ ಹಾಗೆಯೇ ಬೇಕು.

ಏಣಿಯನ್ನು ನಾಲ್ಕಕ್ಕೆ ಒಂದರಂತೆ ಇಡಿ: ಹನ್ನೆರಡು ಅಡಿ ಎತ್ತರಕ್ಕೆ ಒರಗಿದ್ದರೆ ಬುಡ ಮೂರು ಅಡಿ ಹೊರಗೆ. ಮೇಲೆ ಇಳಿಯುವ ಜಾಗಕ್ಕಿಂತ ಮೂರು ಅಡಿ ಮೇಲಕ್ಕೆ ಏಣಿ ಚಾಚಿರಬೇಕು, ಆಗ ಕೈಗೆ ಹಿಡಿತ ಸಿಗುತ್ತದೆ. ತಲೆಯನ್ನು ಕಟ್ಟಿ ಬಿಗಿಯುವವರೆಗೆ ಒಬ್ಬರು ಬುಡ ಹಿಡಿದಿರಲಿ. ಸುಣ್ಣದ ಬಕೆಟನ್ನು ಕೈಯಲ್ಲಿ ಹಿಡಿದು ಹತ್ತಬೇಡಿ, ಹಗ್ಗದಿಂದ ಎಳೆದುಕೊಳ್ಳಿ.

ಮನೆಗೆ ಬರುವ ವಿದ್ಯುತ್ ತಂತಿ ಹತ್ತು ಅಡಿಯೊಳಗೆ ಇದ್ದರೆ ಸೆಸ್ಕ್ ಲೈನ್‌ಮನ್‌ನನ್ನು ಕರೆದು ವಿದ್ಯುತ್ ನಿಲ್ಲಿಸಿದ ಮೇಲೆಯೇ ಗಳ ಎತ್ತತಕ್ಕದ್ದು. ಹಸಿ ಬಿದಿರಿನಲ್ಲಿಯೂ ವಿದ್ಯುತ್ ಹರಿಯುತ್ತದೆ.

ಈಗ ಬಿಚ್ಚುವ ಮಾತು. ಕಟ್ಟುವಾಗ ಎಲ್ಲರಿಗೂ ಎಚ್ಚರವಿರುತ್ತದೆ. ಬಿಚ್ಚುವುದು ಮಾತ್ರ ಸಂಜೆ, ಕೆಲಸ ಮುಗಿದ ಉತ್ಸಾಹದಲ್ಲಿ, ಕತ್ತಲಾಗುವ ಮುನ್ನ ಮುಗಿಸುವ ಅವಸರದಲ್ಲಿ ನಡೆಯುತ್ತದೆ. ಗಳ ಬಾಡಿಗೆಯದಾದರೆ ನಾಳೆಯ ಬಾಡಿಗೆ ಉಳಿಯಲಿ ಎಂಬ ಆಸೆಯೂ ಸೇರುತ್ತದೆ. ಒಬ್ಬ ಕೆಳಗೆ ನಿಂತು ಓರೆಗಳದ ಕಟ್ಟು ಬಿಚ್ಚುತ್ತಾನೆ. ಇನ್ನೊಬ್ಬ ಮೇಲೆ ಹಲಗೆ ಎತ್ತುತ್ತಿರುತ್ತಾನೆ. ಇಬ್ಬರಿಗೂ ಪರಸ್ಪರ ಏನು ಮಾಡುತ್ತಿದ್ದೇವೆಂಬ ಅರಿವಿರುವುದಿಲ್ಲ. ಸಾರುವೆ ಬೀಳುವುದು ಇಂಥ ಗಳಿಗೆಯಲ್ಲಿ.

ಬಿಚ್ಚುವ ಕ್ರಮ ಕಟ್ಟಿದ್ದಕ್ಕೆ ತಿರುಗುಮುರುಗು. ಕೊನೆಗೆ ಕಟ್ಟಿದ್ದು ಮೊದಲು ಬರಬೇಕು. ಮೊದಲು ಮೇಲಿನ ಸುಣ್ಣ, ಗರಿ, ಸಾಮಾನುಗಳನ್ನು ಇಳಿಸಿ ಸಾರುವೆಯ ಭಾರ ಕಳೆಯಿರಿ. ಆಮೇಲೆ ಮೇಲಿನ ಅಂತಸ್ತಿನ ತಡೆಗಳ, ಹಲಗೆ, ಅಡ್ಡಗಳ. ಅದು ಪೂರ್ತಿ ಇಳಿದ ಮೇಲೆ ಕೆಳಗಿನ ಅಂತಸ್ತು. ಕೊಟ್ಟಿಗೆಯ ಕಂಬಕ್ಕೆ ಬಿಗಿದ ಕಟ್ಟನ್ನೂ ಓರೆಗಳವನ್ನೂ ಆಯಾ ಅಂತಸ್ತು ಇಳಿಯುವವರೆಗೆ ಮುಟ್ಟಕೂಡದು. ಬಿಚ್ಚುವವನು ತಾನು ನಿಂತ ಹಲಗೆಯ ಆಧಾರವನ್ನೇ ಬಿಚ್ಚುತ್ತಿಲ್ಲವಷ್ಟೆ ಎಂದು ನೋಡಿಕೊಳ್ಳಲಿ. ಓದಿದಾಗ ನಗು ಬರುತ್ತದೆ, ಆದರೆ ದಣಿದ ಮನುಷ್ಯ ಹಾಗೆ ಮಾಡುತ್ತಾನೆ. ಗಳಗಳನ್ನು ಎಸೆಯದೆ ಹಗ್ಗ ಕಟ್ಟಿ ಇಳಿಸಿ. ಅಪ್ಪಣೆ ಕೊಡುವವನು ಒಬ್ಬನೇ ಇರಲಿ, ಅವನು ಕೆಳಗೆ ನಿಂತು ಎಲ್ಲವನ್ನೂ ಕಾಣುವಂತಿರಲಿ. ಮಕ್ಕಳನ್ನೂ ದನಗಳನ್ನೂ ದೂರ ಕಳಿಸಿ. ಹೊತ್ತು ಮುಳುಗುತ್ತಿದ್ದರೆ ಅರ್ಧ ಬಿಚ್ಚಿ ಬಿಡಬೇಡಿ. ಇಡೀ ಕೆಲಸವನ್ನೇ ಬೆಳಿಗ್ಗೆಗೆ ಇಟ್ಟುಕೊಳ್ಳಿ, ಏಣಿಯನ್ನು ಮಾತ್ರ ತೆಗೆದು ಮಲಗಿಸಿ.

ಇಂಥ ಕೆಲಸ ನಮ್ಮಲ್ಲಿ ಹೆಚ್ಚಾಗಿ ಮುಯ್ಯಾಳಿನ ಮೇಲೆ ನಡೆಯುತ್ತದೆ. ಕೂಲಿ ಕೊಟ್ಟಿಲ್ಲವೆಂದ ಮಾತ್ರಕ್ಕೆ ಹೊಣೆ ತಪ್ಪದು. ಸಹಾಯಕ್ಕೆ ಬಂದ ನೆರೆಯವನಿಗೆ ಗಟ್ಟಿ ಹಲಗೆ ಒದಗಿಸುವುದು ಮನೆಯವನ ಕರ್ತವ್ಯ. ಗಾರೆ ಕೆಲಸದವರನ್ನು ಕರೆದರೆ, ಅವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿದ್ದಾರೆಯೇ ಎಂದು ವಿಚಾರಿಸಿ. ಹದಿನೆಂಟರಿಂದ ಅರವತ್ತು ವಯಸ್ಸಿನೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ ಆ ಹಕ್ಕುಂಟು.

ಒಂದು ವೇಳೆ ಯಾರಾದರೂ ಬಿದ್ದರೆ, ಕೂಡಲೇ ಎತ್ತಿ ಕೂರಿಸಿ ನೀರು ಕುಡಿಸುವುದು ನಮ್ಮ ರೂಢಿ. ಇದು ಸಲ್ಲದು. ಬೆನ್ನು, ಕತ್ತು ಅಲುಗದಂತೆ ಬಿದ್ದಲ್ಲಿಯೇ ಬಿಟ್ಟು 108ಕ್ಕೆ ಫೋನು ಮಾಡಿ. ಉಸಿರಾಡುತ್ತಿದ್ದಾನೆಯೇ ಎಂದು ನೋಡುತ್ತಿರಿ, ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಗಳಗಳನ್ನು ಒಣಗಿದ ಜಾಗದಲ್ಲಿ ಕಲ್ಲಿನ ಮೇಲೆ ಅಡ್ಡಲಾಗಿ ಜೋಡಿಸಿಡಿ, ಹಗ್ಗವನ್ನು ಸುರುಳಿ ಸುತ್ತಿ ಅಟ್ಟದ ಮೇಲೆ ತೂಗುಹಾಕಿ. ಕಂಬ ಊರಿದ್ದ ಗುಂಡಿಗಳನ್ನು ದನ ಮನೆಗೆ ಬರುವ ಹೊತ್ತಿಗೆ ಮೊದಲೇ ಮುಚ್ಚಿ ತುಳಿಯಿರಿ. ಮುಸ್ಸಂಜೆಯಲ್ಲಿ ಓಡಿಬರುವ ಹಸುವಿನ ಕಾಲು ಅಂಥ ಗುಂಡಿಯಲ್ಲಿ ಸಿಕ್ಕಿದರೆ ಮುರಿಯುತ್ತದೆ.