ತಾರಸಿಯಲ್ಲಿ ಮಣ್ಣಿಲ್ಲದ ತೋಟ: ಯಂತ್ರಕ್ಕೆ ಬಿಡುವುದೆಷ್ಟು?

ಹೊಲ-ಗದ್ದೆಯನ್ನು ಮಕ್ಕಳಿಗೊಪ್ಪಿಸಿದ ಹಿರಿಯರು, ನಿವೃತ್ತರಾದ ಉಪಾಧ್ಯಾಯರು ನಿಮ್ಮ ಮನೆಗಳಲ್ಲೂ ಇದ್ದಾರೆ. ಕೈ ಸುಮ್ಮನಿರದು, ಬಗ್ಗಿ ಅಗೆಯಲು ಸೊಂಟ ಒಪ್ಪದು. ಅಂಥವರಿಗೆ ಮಣ್ಣಿಲ್ಲದ ಬೇಸಾಯ, ಅಂದರೆ ಹೈಡ್ರೋಪೋನಿಕ್ಸ್, ಒಳ್ಳೆಯ ಹವ್ಯಾಸ. ಇದರಲ್ಲಿ ನೀರುಣಿಸುವ ಕೆಲಸವನ್ನು ಯಂತ್ರಕ್ಕೇ ಬಿಡಬಹುದು. ಆದರೆ ಎಷ್ಟು ಬಿಡಬೇಕು? ಬೆಂಗಳೂರಿನ ಶಂಕರಪುರಂನಲ್ಲಿರುವ ನನ್ನ ಸೋದರಮಾವ ಪೆಟ್ಟು ತಿಂದು ಕಲಿತ ಪಾಠವನ್ನು ನಿಮ್ಮ ಮುಂದಿಡುತ್ತೇನೆ.

ಈ ವಿದ್ಯೆ ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗೆರಿಕೆ ಎಂಬ ವಿಜ್ಞಾನಿ 1937ರಲ್ಲಿ ಇದಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದರು. ನಮ್ಮ ದೇಶದಲ್ಲಿ 1940ರ ದಶಕದ ಕೊನೆಗೆ ಕಾಲಿಂಪಾಂಗ್‌ನಲ್ಲಿ ಶೋಲ್ಟೋ ಡಗ್ಲಾಸ್ ಅವರು ಬಡವರ ಕೈಗೂ ಎಟಕುವಂತೆ ಇದನ್ನು ಸರಳಗೊಳಿಸಿದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯಲೆಂದು ‘ಅರ್ಕ ಸಸ್ಯ ಪೋಷಕ ರಸ’ ಎಂಬ ದ್ರಾವಣವನ್ನೇ ರೂಪಿಸಿದ್ದಾರೆ.

ಮಾವನ ತೋಟ

ಹತ್ತಡಿ ಉದ್ದ, ನಾಲ್ಕಂಗುಲ ದಪ್ಪದ ನಾಲ್ಕು ಪಿ.ವಿ.ಸಿ. ಪೈಪುಗಳು. ಎಂಟಂಗುಲಕ್ಕೊಂದು ತೂತು, ತೂತಿಗೊಂದು ಜಾಲರಿ ಬಟ್ಟಲು, ಬಟ್ಟಲಿಗೊಂದು ಸಸಿ. ಕೆಳಗೆ ನೂರು ಲೀಟರಿನ ತೊಟ್ಟಿ, ಅದರಲ್ಲಿ ಮುಳುಗಿದ ಸಣ್ಣ ಪಂಪು. ಪೋಷಕಾಂಶ ಬೆರೆಸಿದ ನೀರು ಪೈಪಿನ ಎತ್ತರದ ತುದಿಗೆ ಏರಿ, ಬೇರು ತೋಯಿಸುತ್ತ ಹರಿದು, ತೊಟ್ಟಿಗೇ ಮರಳುತ್ತದೆ. ಪಾಲಕ್, ಪುದೀನ, ಲೆಟ್ಯೂಸ್ ಚೆನ್ನಾಗಿ ಬಂದವು. ನೀರು ಮಣ್ಣಿಗೆ ಇಂಗಿ ಹೋಗುವುದಿಲ್ಲವಾಗಿ ಖರ್ಚೂ ಕಡಿಮೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆಜ್ಞೆ ಮಾಡಿದ್ದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಮಾವ ಮಳೆನೀರಿನ ಸಂಪು ಮಾಡಿಕೊಂಡಿದ್ದಾರೆ.

ಮಂಡಿನೋವಿನಿಂದ ದಿನಕ್ಕೆ ನಾಲ್ಕು ಸಲ ತಾರಸಿ ಹತ್ತುವುದು ಕಷ್ಟವಾಯಿತು. ಎಸ್.ಪಿ. ರಸ್ತೆಯಿಂದ ಟೈಮರ್ ತಂದು ಪಂಪಿಗೆ ಜೋಡಿಸಿದರು. ಹದಿನೈದು ನಿಮಿಷ ಓಟ, ಹದಿನೈದು ನಿಮಿಷ ವಿಶ್ರಾಂತಿ. ಆ ಧೈರ್ಯದ ಮೇಲೆ ಏಪ್ರಿಲ್ ತಿಂಗಳಲ್ಲಿ ನಾಲ್ಕು ದಿನ ಮಗಳ ಮನೆಗೆಂದು ಮೈಸೂರಿಗೆ ಹೋದರು. ಪಕ್ಕದ ಮನೆಯವರು ದಿನವೂ ಫೋನಿನಲ್ಲಿ, “ಮೋಟಾರ್ ಸದ್ದು ಕೇಳಿಸ್ತಿದೆ ಸಾರ್, ಯೋಚನೆ ಮಾಡ್ಬೇಡಿ” ಎಂದರು. ಹಿಂದಿರುಗಿ ನೋಡಿದರೆ ಐವತ್ತಕ್ಕೂ ಹೆಚ್ಚು ಗಿಡ ಒಣಗಿ ಹಪ್ಪಳವಾಗಿದ್ದವು. ಬಿಸಿಲು ತಾಗಿದ ತೊಟ್ಟಿಯಲ್ಲಿ ಪಾಚಿ ಬೆಳೆದು ಪಂಪಿನ ಬಾಯಿ ಕಟ್ಟಿತ್ತು. “ಮೋಟಾರು ಓಡಿದೆ ಕಣಪ್ಪ, ನೀರು ಓಡಿಲ್ಲ” ಎಂದರು ಮಾವ.

ನಮ್ಮ ಬೋರ್‌ವೆಲ್‌ಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಆಟೋ ಸ್ಟಾರ್ಟರ್ ಇಟ್ಟು ಮಲಗುತ್ತೇವೆ. ರಾತ್ರಿ ಕರೆಂಟು ಬರುತ್ತದೆ, ಮೋಟಾರು ಓಡುತ್ತದೆ, ನೀರಿಲ್ಲದೆ ವೈಂಡಿಂಗ್ ಸುಡುತ್ತದೆ. ಯಂತ್ರಕ್ಕೆ ತಾನು ಓಡಿದ್ದು ಗೊತ್ತು; ಕೆಲಸ ಆಯಿತೇ ಎಂಬುದು ಗೊತ್ತಿಲ್ಲ. ಅದನ್ನು ಹೇಳುವ ಏರ್ಪಾಡು ಬೇರೆಯೇ ಬೇಕು.

ಮಾಡಿಕೊಂಡ ತಿದ್ದುಪಡಿ

1. ತೊಟ್ಟಿಯೊಳಗೆ ಬೆಳಕು ಹೋಗದಂತೆ ಹೊರಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಣ್ಣ ಹಚ್ಚಿ, ಬಿಗಿ ಮುಚ್ಚಳ ಹಾಕಿ ನೆರಳಿಗಿಟ್ಟರು. ಪಾಚಿಯೂ ಇಲ್ಲ, ಸೊಳ್ಳೆಯೂ ಇಲ್ಲ. ನೀರು ಕಾದಷ್ಟೂ ಅದರಲ್ಲಿನ ಆಮ್ಲಜನಕ ಇಳಿಯುತ್ತದೆ, ಬೇರು ಕೊಳೆಯುತ್ತದೆ ಎಂಬುದನ್ನೂ ಗಮನಿಸಿ.

2. ಪೈಪುಗಳನ್ನು ಬಹುಮಟ್ಟಿಗೆ ಸಮಮಟ್ಟಕ್ಕೆ ತಂದು, ನೀರು ಹೊರಬೀಳುವ ತೂತನ್ನು ತಳದಿಂದ ಒಂದಂಗುಲ ಮೇಲಿಟ್ಟರು. ಕರೆಂಟು ಹೋದರೂ ಬೇರಿನಡಿ ಕೆಲವು ಗಂಟೆಗಾಗುವಷ್ಟು ನೀರು ನಿಂತಿರುತ್ತದೆ.

3. ಮರಳಿ ಬರುವ ನೀರು ತಳದಲ್ಲಿ ಸಣ್ಣ ತೂತಿರುವ ಬಕೆಟ್ಟಿಗೆ ಬಿದ್ದು, ಅಲ್ಲಿಂದ ತೊಟ್ಟಿಗೆ ಇಳಿಯುತ್ತದೆ. ಪಂಪಿನ ವಿಶ್ರಾಂತಿಯ ವೇಳೆ ಬಕೆಟ್ಟು ಪೂರ್ತಿ ಖಾಲಿಯಾಗದಂತೆ ತೂತಿನ ಅಳತೆ ಇದೆ. ಹರಿವು ನಿಂತೇ ಹೋದರೆ ಬಕೆಟ್ಟು ಬರಿದಾಗಿ, ತೇಲುವ ಸ್ವಿಚ್ಚು ಕೆಳಗಿಳಿದು, ಬ್ಯಾಟರಿಯ ಗಂಟೆ ಬಾರಿಸುತ್ತದೆ. ಮೋಟಾರನ್ನಲ್ಲ, ನೀರನ್ನೇ ಕಾಯುವ ಗಂಟೆ ಇದು.

4. ಕಡಿಮೆಯಾದ ನೀರನ್ನು ತುಂಬಲು ಓವರ್‌ಹೆಡ್ ಟ್ಯಾಂಕಿನಲ್ಲಿರುವಂಥ ತೇಲುಗುಂಡಿನ ವಾಲ್ವ್ ಸಾಕು.

ಕೈಯಲ್ಲೇ ಇರಲಿ

ದ್ರಾವಣದ ಹದವನ್ನು ಮಾತ್ರ ಮಾವ ಯಂತ್ರಕ್ಕೆ ಬಿಟ್ಟಿಲ್ಲ. ರಸಸಾರ 5.5ರಿಂದ 6.5ರೊಳಗೆ, ಸೊಪ್ಪಿನ ಬೆಳೆಗೆ ಇ.ಸಿ. ಸುಮಾರು 1.2ರಿಂದ 1.8ರೊಳಗೆ ಇರಬೇಕು. ಆಮ್ಲವನ್ನು ತಾನೇ ಸುರಿಯುವ ಪಂಪುಗಳೂ ಇವೆ. ಆದರೆ ಅಳೆಯುವ ಕಡ್ಡಿ ದಿನ ಕಳೆದಂತೆ ತಪ್ಪು ತೋರಿಸುತ್ತದೆ. ಆ ತಪ್ಪನ್ನೇ ನಂಬಿ ಯಂತ್ರ ಆಮ್ಲ ಸುರಿದರೆ ಒಂದೇ ರಾತ್ರಿಯಲ್ಲಿ ಬೆಳೆ ಹೋದೀತು. ಬೆಳಗಿನ ಕಾಫಿಯಾದ ಮೇಲೆ ಒಮ್ಮೆ ನಿಧಾನವಾಗಿ ಮೆಟ್ಟಿಲು ಹತ್ತಿ, ಅಳೆದು, ಎಲೆಯಡಿ ಹೇನು ಇದೆಯೇ ನೋಡಿ, ಪುಸ್ತಕದಲ್ಲಿ ಬರೆದಿಡುತ್ತಾರೆ. “ಇದನ್ನೂ ಮೆಷೀನಿಗೆ ಕೊಟ್ಟರೆ ನಾನೇನು ಮಾಡಲಿ?” ಎಂಬ ಅವರ ಮಾತೂ ಸರಿಯೇ.

ಪೋಷಕಾಂಶಗಳನ್ನು ಎರಡು ಬೇರೆ ದ್ರಾವಣಗಳಾಗಿಯೇ ಇಡಿ. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ನೈಟ್ರೇಟು ಸಲ್ಫೇಟು, ಫಾಸ್ಫೇಟುಗಳೊಡನೆ ಸೇರಿದರೆ ಸುಣ್ಣದಂತೆ ತಳಕ್ಕಿಳಿದು ವ್ಯರ್ಥವಾಗುತ್ತದೆ. ಹಳೆಯ ದ್ರಾವಣವನ್ನು ಚರಂಡಿಗೆ ಚೆಲ್ಲದೆ ತೆಂಗಿಗೋ ಕರಿಬೇವಿಗೋ ಹಾಕಿ.

ಎಚ್ಚರಿಕೆಯ ಮಾತು

ಒದ್ದೆ ಕೈ, 230 ವೋಲ್ಟು ಒಟ್ಟಿಗಾಗದು. ಸಾಧ್ಯವಾದರೆ 12 ವೋಲ್ಟಿನ ಪಂಪು ಬಳಸಿ. ಇಲ್ಲವಾದರೆ ವಿದ್ಯುತ್ ಸೋರಿದ ಕೂಡಲೇ ಕಡಿದುಹಾಕುವ ಸ್ವಿಚ್ಚನ್ನು ಕಡ್ಡಾಯವಾಗಿ ಹಾಕಿಸಿ. ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರ. ಹಳೆಯ ಮನೆಗಳ ಮದ್ರಾಸ್ ತಾರಸಿ ಮರದ ತೊಲೆಗಳ ಮೇಲೆ ನಿಂತದ್ದು. ತಿಳಿದವರನ್ನು ಕೇಳದೆ ಅದರ ಮೇಲೆ ತೊಟ್ಟಿ ಇಡಬೇಡಿ.

ಹೊಸಬರು ಮೊದಲು ಯಂತ್ರವಿಲ್ಲದೆಯೇ ಕಲಿಯಲಿ. ಬೆಳಕು ತೂರದ, ಮುಚ್ಚಳವಿರುವ 20 ಲೀಟರಿನ ಬಕೆಟ್ಟಿಗೆ ದ್ರಾವಣ ತುಂಬಿ, ಬಟ್ಟಲಿನ ತಳ ಮಾತ್ರ ತಾಗುವಂತೆ ಒಂದು ಲೆಟ್ಯೂಸ್ ಸಸಿ ಇಡಿ. ನೀರು ಇಳಿದಂತೆ ಮೇಲಿನ ಬೇರುಗಳಿಗೆ ಗಾಳಿ, ಕೆಳಗಿನವಕ್ಕೆ ನೀರು ಸಿಗುತ್ತದೆ. ಹವಾಯಿ ವಿಶ್ವವಿದ್ಯಾನಿಲಯದ ಕ್ರಾಟ್ಕಿ ಅವರು ಪ್ರಚಾರಕ್ಕೆ ತಂದ ಪದ್ಧತಿ ಇದು. ಒಂದು ಬೆಳೆ ಕೈಗೆ ಬಂದ ಮೇಲೆ ಪಂಪು, ಆಮೇಲೆ ಟೈಮರ್. ಟೈಮರ್ ತಂದ ದಿನವೇ ನೀರು ಕಾಯುವ ಗಂಟೆಯನ್ನೂ ಕಟ್ಟಿ. ಹೆಚ್ಚಿನ ವಿವರ ಬೇಕಾದವರು ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.