ಮಗ್ಗದ ಮೇಲಿನ ಗಣಿತ

ಒಂದರೊಳಗೊಂದು ಬಿಡಿಸಲಾಗದಂತೆ ಬೆರೆತುದನ್ನು ನಾವು ‘ಹಾಸುಹೊಕ್ಕಾಗಿದೆ’ ಎನ್ನುತ್ತೇವೆ. ಈ ಮಾತು ಬಂದುದು ಮಗ್ಗದಿಂದ. ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಲಾಳಿಯು ಅಡ್ಡಲಾಗಿ ಸೇರಿಸುವ ಎಳೆ ಹೊಕ್ಕು.

ಸಿ.ಬಿ.ಎಸ್.ಇ. ಮಂಡಳಿಯು 11 ಮತ್ತು 12ನೆಯ ತರಗತಿಗಳಿಗೆ ಗೊತ್ತುಮಾಡಿರುವ ಐಚ್ಛಿಕ ವಿಷಯಗಳಲ್ಲಿ ವಸ್ತ್ರವಿನ್ಯಾಸವೂ ಒಂದು. ಅದನ್ನು ಆರಿಸಿಕೊಳ್ಳಲು ಬಯಸುವ ವಿದ್ಯಾರ್ಥಿಯನ್ನು, ‘ಲೆಕ್ಕಕ್ಕೆ ಹೆದರಿ ಬಣ್ಣ ಬಳಿಯಲು ಹೊರಟೆಯಾ?’ ಎಂದು ಮನೆಯ ಹಿರಿಯರು ಕೇಳುವುದುಂಟು. ಭೌತಶಾಸ್ತ್ರವನ್ನು ಬೋಧಿಸುವ ನಾವು ಈ ಮಾತನ್ನು ಒಪ್ಪಲಾರೆವು. ಏಕೆಂಬುದನ್ನು ನೋಡೋಣ.

ನೆಯ್ಗೆಯ ವಿನ್ಯಾಸವನ್ನು ಮೊದಲು ಬರೆಯುವುದು ಚೌಕುಳಿ ಕಾಗದದ ಮೇಲೆ. ಒಂದೊಂದು ಕಂಬಸಾಲೂ ಹಾಸಿನ ಒಂದು ಎಳೆ. ಒಂದೊಂದು ಅಡ್ಡಸಾಲೂ ಹೊಕ್ಕಿನ ಒಂದು ಎಳೆ. ಹಾಸು ಮೇಲೆ ಬರುವೆಡೆಯಲ್ಲಿ ಮನೆಯನ್ನು ತುಂಬಬೇಕು. ಒಂದು ಬಿಟ್ಟು ಒಂದು ತುಂಬಿದರೆ ಚದುರಂಗದ ಹಾಸಿನಂತೆ ಕಾಣುವುದು. ಇದೇ ಸಾದಾ ನೆಯ್ಗೆ. ಎರಡು ತುಂಬಿ ಎರಡು ಬಿಟ್ಟು, ಪ್ರತಿ ಸಾಲಿನಲ್ಲಿಯೂ ಒಂದು ಮನೆ ಸರಿದರೆ ಓರೆಗೆರೆಗಳು ಮೂಡುವುವು. ಇದು ಟ್ವಿಲ್ ನೆಯ್ಗೆ. ಇಲ್ಲಿ ಎಳೆಗಳು ಬಾಗುವ ಎಡೆಗಳು ಕಡಮೆ. ಆದುದರಿಂದ ಅದೇ ನೂಲಿನ ಬಟ್ಟೆಯೇ ಹೆಚ್ಚು ಮೃದುವಾಗಿ ಇಳಿಬೀಳುವುದು.

ಸ್ಯಾಟಿನ್ ಇನ್ನೂ ಸ್ವಾರಸ್ಯವಾದುದು. ಹಾಸಿನ ಎಳೆ 4 ಹೊಕ್ಕುಗಳ ಮೇಲೆ ಸಾಗಿ ಒಂದರ ಕೆಳಗೆ ಮಾತ್ರ ಇಳಿಯುವುದು. ಎಳೆಯ ಬಹುಭಾಗ ಮೇಲೆಯೇ ಉಳಿಯುವುದರಿಂದ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿಗೆ ಪ್ರತಿಫಲಿಸಿ ಬಟ್ಟೆ ಹೊಳೆಯುವುದು. ಆದರೆ ಎಳೆ ಇಳಿಯುವ ಮನೆಗಳು ಒಂದಕ್ಕೊಂದು ತಾಗಬಾರದು. ತಾಗಿದರೆ ಓರೆಗೆರೆ ಕಾಣುವುದು. 5 ಕಂಬಸಾಲುಗಳಲ್ಲಿ ಎರಡೆರಡು ಮನೆ ಸರಿಯುತ್ತ ಹೋದರೆ 1, 3, 5, 2, 4 ಎಂದು ಎಲ್ಲವೂ ಒಮ್ಮೊಮ್ಮೆ ದೊರೆಯುವುವು. 6 ಕಂಬಸಾಲುಗಳಲ್ಲಿ ಹೀಗೆಯೇ ಮಾಡಿದರೆ 1, 3, 5 ಆಗಿ ಮತ್ತೆ 1ಕ್ಕೇ ಬರುವೆವು. ಮೂರುಮೂರು ಸರಿದರೂ, ನಾಲ್ಕುನಾಲ್ಕು ಸರಿದರೂ ಕೆಲವು ಎಳೆಗಳು ತಪ್ಪುವುವು. ಈ ಸಂಖ್ಯೆಗಳಿಗೂ 6ಕ್ಕೂ ಸಾಮಾನ್ಯ ಅಪವರ್ತನವಿರುವುದೇ ಕಾರಣ. ಒಂದು ಅಥವಾ ಐದು ಸರಿದರೆ ಓರೆಗೆರೆಯೇ ಆಗುವುದು. ಆದಕಾರಣ ಒಂದೇ ನಡೆಯಿಂದ 6 ಎಳೆಗಳ ಸ್ಯಾಟಿನ್ ಸಾಧ್ಯವಿಲ್ಲ.

ಇನ್ನು ಬಣ್ಣದ ವಿಚಾರ. 1824ರಲ್ಲಿ ಪ್ಯಾರಿಸ್ಸಿನ ಗೋಬೆಲಾಂ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞನು ಮುಖ್ಯಸ್ಥನಾದನು. ನೆಯ್ದ ಚಿತ್ರಗಳಲ್ಲಿ ಕಪ್ಪು ಮಂಕಾಗಿ ಕಾಣುವುದೆಂದು ಅವನಿಗೆ ದೂರು ಬಂದಿತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ನೆರೆಯ ನೀಲಿ, ನೇರಿಳೆ ಎಳೆಗಳ ಪ್ರಭಾವದಿಂದ ಕಣ್ಣಿಗೆ ಹಾಗೆ ತೋರುತ್ತಿತ್ತು. ಈ ನಿಯಮವನ್ನು ಅವನು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ದೂರು ಹುಟ್ಟಿದುದು ನೇಕಾರರ ನಡುವೆ. ಫಲ ದೊರೆತುದು ವಿಜ್ಞಾನಕ್ಕೆ.

ಹೀಗಿರುವಾಗ ಈ ವಿಷಯವನ್ನು ಲೆಕ್ಕಕ್ಕೆ ಹೆದರಿದವರ ಆಶ್ರಯವೆಂದು ಕಡೆಗಣಿಸುವುದು ಸರಿಯೇ? 8 ಎಳೆಗಳ ಸ್ಯಾಟಿನ್‌ಗೆ ಎಷ್ಟು ಮನೆ ಸರಿಯಬೇಕೆಂಬುದನ್ನು ವಾಚಕರು ಇಂದೇ ಚೌಕುಳಿ ಕಾಗದದ ಮೇಲೆ ಕಂಡುಹಿಡಿಯಲಿ. ಬಳಿಕ ಆ ಕಾಗದವನ್ನು ಮನೆಯ ಹಿರಿಯರಿಗೂ ತೋರಿಸಲಿ.